ವಿಷದಲ್ಲಿ ಹಾಕಿದ ಹೆಪ್ಪು

ನಾರಾಯಣಪೇಟೆ,
೬ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ತಮ್ಮ ಕಾಂತೇಶನಿಗೆ ಅಕ್ಕ ಚನ್ನವೀರಮ್ಮನ ಆಶೀರ್ವಾದಗಳು.

ನಿನ್ನ ಮೊಣಕಾಲು ಹೇಗಿದೆ? ಧರೂರಿನ ಕಾಲುವೆ ಗದ್ದೆಯಲ್ಲಿ ನಿಂತು ನಿಂತು ಹಿಡಿದುಕೊಂಡಿದೆಯೆಂದು ಗದ್ವಾಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನಿಮ್ಮೂರಿನ ಶ್ರೀನಿವಾಸುಲು ಹೇಳಿದ. ಎಳ್ಳೆಣ್ಣೆ ಹಚ್ಚಿ ಉಪ್ಪಿನ ಶಾಖ ಕೊಡು, ಹಟ ಮಾಡಬೇಡ. ನಾನು ಚೆನ್ನಾಗಿದ್ದೇನೆ, ಕನ್ನಡಕ ಬದಲಾಗಿದೆ, ಅದಕ್ಕೇ ಅಕ್ಷರ ಇಷ್ಟು ದಪ್ಪ. ಫೋನಿನಲ್ಲಿ ನಿನ್ನ ಅಣ್ಣ ಶಿವಕಾಂತನ ಹೆಸರೆತ್ತಿದ ಕೂಡಲೇ ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ. ಹರಿಯಬಹುದು, ಆದರೆ ಓದಿ ಹರಿ.

ವಿಷಯ ಇಷ್ಟು. ಶಿವಕಾಂತನ ಮಗಳು ಕಾವ್ಯಾಳ ಮದುವೆ ಮುಂದಿನ ತಿಂಗಳು, ಹುಡುಗ ಮಾಗನೂರಿನವನು. ಅಪ್ಪ ತೀರಿಕೊಂಡ ವರ್ಷದೊಳಗೇ ಆಗಲಿ ಎಂದರು ಹಿರಿಯರು. ಅಪ್ಪನ ಜಾಗದಲ್ಲಿ ಧಾರೆಗೆ ಯಾರು ನಿಲ್ಲಬೇಕು ಎಂಬುದೊಂದು ಉಳಿದಿದೆ. ಅವಳ ತಾಯಿ ಕರುಣಾಳ ಅಣ್ಣ ರಾಯಚೂರಿನಿಂದ ಬರಲು ಸಿದ್ಧನಿದ್ದಾನೆ, ಹುಡುಗಿ ಒಪ್ಪುತ್ತಿಲ್ಲ. "ಕಾಕಾನ ನಿಂದರಬೇಕು, ಅತ್ತಿ. ಇಲ್ಲಂದ್ರ ಆ ಜಾಗಾ ಖಾಲಿ ಇರಲಿ" ಎನ್ನುತ್ತಾಳೆ. ನೀನು ಅಣ್ಣನ ಮಣ್ಣಿಗೂ ಬರಲಿಲ್ಲವೆಂಬುದು ಅವಳಿಗೆ ಗೊತ್ತು. ಗೊತ್ತಿದ್ದೇ ಹೇಳುತ್ತಾಳೆ.

ಅಣ್ಣನ ಬದುಕಿನ ಮೊದಲರ್ಧ ನೀನು ಕಂಡದ್ದೇ. ಎಂ.ಎಸ್ಸಿ. ಮುಗಿಸಿ ಬಂದು ಮಕ್ತಲದ ನಮ್ಮ ಎಣ್ಣೆ ಗಿರಣಿಯ ಹಿಂದಿನ ಖೋಲಿಯಲ್ಲಿ ಸೀಸೆ ಜೋಡಿಸಿದ. ಕರುಣಾ ತವರಿನಿಂದ ತಂದ ಕುಕ್ಕರೇ ಅವನ ಮೊದಲ ಯಂತ್ರ. ಸೀಸೆ ಕುದಿಸಿ ಕುದಿಸಿ ಮನೆಯ ಬೇಳೆಗೂ ಔಷಧಿಯ ವಾಸನೆ. ಶೇಂಗಾದ ಬೇರಿನ ಗಂಟಿನಲ್ಲಿದ್ದು ಗಾಳಿಯಿಂದ ಗೊಬ್ಬರ ಹಿಡಿದು ಕೊಡುವ ಜೀವಾಣುಗಳನ್ನು ಬೆಳೆಸಿ, ಇದ್ದಿಲ ಪುಡಿಯಲ್ಲಿ ಬೆರೆಸಿ ಪೊಟ್ಟಣ ಕಟ್ಟಿದ. ರೈತರಿಗೆ ತಿಳಿಸುವುದು ಹೇಗೆ? ಹಾಲಿಗೆ ಹೆಪ್ಪು ಇದ್ದಂತೆ ಬೀಜಕ್ಕೆ ಇದು ಎಂದ. ತೆಲುಗಿನವರ ಮುಂದೆ 'ತೋಡು' ಎಂದ. ಅವರಲ್ಲಿ ಹೆಪ್ಪಿಗೂ ಜೊತೆಗಾರನಿಗೂ ಅದೊಂದೇ ಮಾತು. ಆ ಹೆಸರೇ ಪೊಟ್ಟಣಕ್ಕೂ ಉಳಿಯಿತು.

ಮೊದಲ ಪೊಟ್ಟಣ ನಿನಗೇ ಕೊಟ್ಟ. ನೀನು ರೂಢಿಯಂತೆ ಬೀಜಕ್ಕೆ ಹಚ್ಚುವ ಕೆಂಪು ಔಷಧಿಯಲ್ಲೇ ಅದನ್ನೂ ಕಲಸಿದೆ. ಬೂಷ್ಟು ಕೊಲ್ಲುವ ವಿಷ ಜೀವಾಣುವನ್ನು ಬಿಡುತ್ತದೆಯೇ? ಬೆಳೆ ಏಳಲಿಲ್ಲ. ಮಕ್ತಲದ ಸಂತೆಯಲ್ಲಿ ನಿಂತು ನೀನು ಹೇಳಿದೆ, "ನಮ್ಮಣ್ಣ ಬೂದಿ ಮಾರ್ತಾನ್ರೀ. ಮಠಕ್ಕ ಹೋಗ್ರಿ, ಪುಕ್ಕಟ ಸಿಗತೈತಿ." ಅವನೂ ಸುಮ್ಮನಿರಲಿಲ್ಲ: "ವಿಷದಾಗ ಹೆಪ್ಪ ಹಾಕ್ದವ ನೀನು. ಮೊಸರಾಗಲಿಲ್ಲಂತ ಎಮ್ಮಿಗಿ ಬೈತಿಯಲೇ?" ಸಂತೆಯೆಲ್ಲ ನಕ್ಕಿತು. ನೀನು ಅಂದೇ ಅವನ ಮಾತು ಬಿಟ್ಟು ಧರೂರು ಸೇರಿದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಗದ್ವಾಲದಲ್ಲಿ ಅವನ ದೊಡ್ಡ ಕಾರ್ಖಾನೆಯಾಯಿತು, ಸಂಸಾರ ನಾರಾಯಣಪೇಟೆಗೆ ಬಂತು. ಕೂಲಿಗೆ ದೂರದೂರು ಹೋಗುತ್ತಿದ್ದ ಮಾಗನೂರಿನ ಹೆಣ್ಣುಮಕ್ಕಳು ಈಗ ಅಲ್ಲಿ ಬಿಳಿ ಕೋಟು ತೊಟ್ಟು ಕೆಲಸ ಮಾಡುತ್ತಾರೆ. ಅವನು ಮಾತ್ರ ರಾತ್ರಿ ಊಟಕ್ಕೆ ಮನೆಗೇ ಬರುತ್ತಿದ್ದ. ಹಾಲಿಗೆ ತಾನೇ ಹೆಪ್ಪು ಹಾಕುತ್ತೇನೆಂದು ಕೂತರೆ ಕರುಣಾ, "ಲ್ಯಾಬು ನಿಮ್ದು, ಒಲಿ ನಂದು, ಏಳ್ರಿ" ಎಂದು ಎಬ್ಬಿಸುತ್ತಿದ್ದಳು. ಕಾವ್ಯಾಳಿಗೆ ಶಾಲೆಯ ಜಡೆ ಹಾಕುವುದು ಅವನ ಪಾಲು. ವಾರೆಯಾಗಿಯೇ ಹಾಕುತ್ತಿದ್ದ, ಗೆಳತಿಯರು ನಕ್ಕರೂ ಅವಳು ಬಿಚ್ಚಲು ಬಿಡುತ್ತಿರಲಿಲ್ಲ.

ಹೋದ ವರ್ಷ ಧನ್ವಾಡದ ರೈತರ ಸಭೆಗೆ ನಾನೂ ಹೋಗಿದ್ದೆ. ಕೆಂಪು ಔಷಧಿಯಲ್ಲಿ ತೋಡು ಕಲಸಬೇಡಿ ಎಂದು ಹೇಳುತ್ತ ಅವನು, "ಈ ತಪ್ಪು ಮೊದಲು ಮಾಡಿದವ ನಾನೇ, ನನ್ನ ಶೇಂಗಾ ನಾನೇ ಕೆಡಿಸಿಕೊಂಡೆ" ಎಂದು ತೆಲುಗಿನಲ್ಲಿ ಅಂದ. ಜನ ನಕ್ಕರು. ಪಕ್ಕದಲ್ಲಿ ಕೂತಿದ್ದ ಮುದುಕ ಜಂಬಪ್ಪ, "ಹೋದಲ್ಲೆಲ್ಲಾ ಇದನ್ನ ಹೇಳ್ತಾನಮ್ಮಾ, ನಮಗ ಬಾಯಿಪಾಠ ಆಗೇತಿ" ಎಂದ. ದಾರಿಯಲ್ಲಿ ನಾನು ಜಗಳಕ್ಕೇ ಬಿದ್ದೆ: "ಸುಳ್ಳ ಯಾಕ ಹೇಳ್ತಿಯೋ?" "ತಮ್ಮ ಅಂದ್ರ ಯಾವ ತಮ್ಮ ಅಂತ ಕೇಳ್ತಾರಕ್ಕಾ. ನಾನು ಅಂದ್ರ ನಕ್ಕು ಬಿಡ್ತಾರ" ಎಂದ. ಅವನನ್ನು ಹೊತ್ತೊಯ್ದ ದಿನವೂ ಜಂಬಪ್ಪ ಅದನ್ನೇ ಹೇಳಿ ಅತ್ತ. ತಪ್ಪು ನಿಜವಾಗಿ ಯಾರದೆಂದು ನಾನು ಹೇಳಲಿಲ್ಲ. ಅವನು ಕಾಯ್ದ ಮಾತನ್ನು ನಾನು ಒಡೆಯಲಾರೆ.

ನಿನಗೆ ಮಾತ್ರ ತಿಳಿದಿರಲಿ ಎಂದು ಬರೆದೆ. ಮನೆಯಲ್ಲಿ ಎಲ್ಲರಿಗೂ ಆಶೀರ್ವಾದ. ಗುರು ನಿನಗೆ ಒಳ್ಳೆಯ ಬುದ್ಧಿ, ಗಟ್ಟಿ ಕಾಲು ಎರಡನ್ನೂ ಕೊಡಲಿ.

ನಿನ್ನ ಅಕ್ಕ,
ಚನ್ನವೀರಮ್ಮ

ಮತ್ತೆ: ಈ ಕಾಗದಕ್ಕೆ ಟಪಾಲಿನ ಮುದ್ರೆ ಇಲ್ಲದ್ದನ್ನು ನೋಡಿರಬೇಕು. ತಂದುಕೊಟ್ಟ ಹುಡುಗಿಯೇ ಕಾವ್ಯಾ. ನೀನು ಬಿಟ್ಟುಹೋದಾಗ ತೊಟ್ಟಿಲಲ್ಲಿದ್ದಳು, ಗುರುತು ಸಿಕ್ಕಿರಲಾರದು; ಹೆಸರು ಹೇಳದೆ ಕಾಗದ ಕೊಡು ಎಂದವಳು ನಾನೇ. ಇನ್ನೂ ಬಾಗಿಲಲ್ಲಿ ನಿಂತಿದ್ದರೆ ಒಳಗೆ ಕರಿ. ಅವಳು ಓದಿದ್ದು ತೆಲುಗು ಶಾಲೆ. ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. ಅತ್ತೆ ಏನು ಬರೆದಿದ್ದಾಳೆ ಎಂದು ಕೇಳಿಯೇ ಕೇಳುತ್ತಾಳೆ. ನೀನೇ ಓದಿ ಹೇಳು.