ಗಣಿದೀಪದ ಚೀಲ

ಉಡುತಡಿ, ಶಿಕಾರಿಪುರ ತಾಲ್ಲೂಕು
10-11-2025, ಕಾರ್ತಿಕ ಸೋಮವಾರ

ಪ್ರೀತಿಯ ಪವಿತ್ರಾ,

ನಾನೂ ನಿನ್ನ ಮಾವನೂ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ, ಕುರಿಗಳು ನಮಗಿಂತ ಗಟ್ಟಿಯಾಗಿವೆ. ನಿನ್ನ ಆರೋಗ್ಯ ಹೇಗಿದೆ, ಮೊದಲು ಅದನ್ನು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಅಥವಾ ಕ್ಯಾಂಟೀನಿನಲ್ಲಿ ಒಂದು ಬನ್ನು ತಿಂದು ಊಟ ಆಯಿತು ಎನ್ನುತ್ತೀಯೋ? ಸೊಂಟದ ಬಲಗಡೆ ಎಲುಬಿನ ಮೇಲಿದ್ದ ಆ ಕಪ್ಪು ಗಾಯ ಮಾಯಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎಂದು ನೀನು ನಗುತ್ತೀಯ. ಕೇಳಿದ್ದೇನೆ ತಾಯಿ, ಕೇಳಿ ಕೇಳಿ ಸಾಕಾಗಿದೆ. "ಆರಾಮ್ ಇದೀನಿ ಅತ್ತೆ, ಡ್ಯೂಟಿಗೆ ಹೊತ್ತಾತು" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ. ಏಳನೆಯ ಕ್ಲಾಸಿನವರೆಗೆ ಓದಿದ್ದು, ಸ್ತ್ರೀಶಕ್ತಿ ಸಂಘದ ನಡಾವಳಿ ಬರೆದು ಕೈ ಪಳಗಿಸಿಕೊಂಡದ್ದು ಇವತ್ತು ಉಪಯೋಗಕ್ಕೆ ಬಂತು. ಶ್ರಾವಣದಲ್ಲಿ ಬಂದು ಹೋದವಳು ನೀನು ದೀಪಾವಳಿಗೂ ಬರಲಿಲ್ಲ. ರಜೆ ಸಿಗಲಿಲ್ಲ ಎಂದೆ. ರಜೆಯ ಮಾತಲ್ಲ ಅದು ಎಂದು ನನಗೆ ಗೊತ್ತು. ಈ ಮನೆಗೆ ನೀನು ಮತ್ತೆ ಮೊದಲಿನ ಹಾಗೆ ಬಂದು ಹೋಗುತ್ತೀಯೋ ಇಲ್ಲವೋ ಎಂಬುದೊಂದೇ ಈಗ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಾರ್ಸೆಲ್ಲಿನ ವಿಷಯ ಹೇಳಿ ಮುಗಿಸುತ್ತೇನೆ.

ಪಾರ್ಸೆಲ್ಲಿನಲ್ಲಿರುವುದು ನಿನ್ನ ತಲೆಯ ದೀಪದ ಬ್ಯಾಟರಿ ಇಡುವ ಚೀಲ, ಸೊಂಟಪಟ್ಟಿಯ ಸಮೇತ. ಶ್ರಾವಣದಲ್ಲಿ ನಮ್ಮ ಬಸುರಿ ಮಗಳು ಪ್ರಮೀಳಾಳ ಕುಬಸಕ್ಕೆ ನೀನು ಬಂದಿದ್ದಾಗ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಲು ಬಚ್ಚಲಲ್ಲಿ ಕೂರಿಸಿದ್ದೆನಲ್ಲ, ಆಗ ಆ ಗಾಯ ಕಣ್ಣಿಗೆ ಬಿತ್ತು. ಯಾರು ಹೊಡೆದರೋ ಎಂದು ಗಾಬರಿಯಾದೆ. ನೀನು ನಗುತ್ತ "ಬ್ಯಾಟ್ರಿ ಹೊಡಿತು ಅತ್ತೆ" ಎಂದೆ. ಆಮೇಲೆ, ಮಾವನಿಗೆ ತೋರಿಸಲೆಂದು ತಂದಿದ್ದ ಕೆಟ್ಟ ಬ್ಯಾಟರಿಯ ಖಾಲಿ ಪೆಟ್ಟಿಗೆ ತೆಗೆದು ಎಲ್ಲ ವಿವರಿಸಿದೆ. ಗಣಿಗೆ ಇಳಿಯುವ ಮುಂಚೆ ಅದನ್ನು ಬೆಲ್ಟಿಗೆ ಸಿಕ್ಕಿಸಬೇಕು, ಅದರ ವೈರು ಬೆನ್ನ ಮೇಲಿಂದ ಹತ್ತಿ ಹೆಲ್ಮೆಟ್ಟಿನ ದೀಪಕ್ಕೆ ಹೋಗಬೇಕು, ಇನ್ನೊಂದು ಪಕ್ಕಕ್ಕೆ ಆಪತ್ತಿಗಿರಲಿ ಎಂದು ಉಸಿರಾಡುವ ಡಬ್ಬಿ ಬೇರೆ. ಬೆಲ್ಟೋ ಗಂಡಸರ ಅಳತೆಯದು. ಕೊನೆಯ ತೂತಿಗೆ ಬಿಗಿದರೂ ನಿನ್ನ ಸೊಂಟದ ಮೇಲೆ ನಿಲ್ಲದೆ ಜಾರುತ್ತದೆ, ಜಾರಿ ಎಲುಬಿನ ಮೇಲೆ ಕೂತು ದಿನವಿಡೀ ಉಜ್ಜುತ್ತದೆ. ನೆಲದೊಳಗೆ ಅಳತೆಯ ಯಂತ್ರಕ್ಕೆ ಕಣ್ಣಿಟ್ಟು ಬಗ್ಗಿದಾಗ ಒಮ್ಮೆ ಪೆಟ್ಟಿಗೆ ಮುಂದಕ್ಕೆ ಬಂದು, ವೈರು ಎಳೆದು, ಹೆಲ್ಮೆಟ್ಟು ದೀಪದ ಸಮೇತ ಕಳಚಿ ಬಿತ್ತು ಎಂದು ನೀನು ತಮಾಷೆಯಾಗಿ ಹೇಳಿದೆ. ನಿನಗೆ ಅದು ತಮಾಷೆ. ಅಂದಿನಿಂದ ನನಗೆ ಜೀವದಲ್ಲಿ ಜೀವವಿಲ್ಲ. ಯತೀಶ ಬೈಕಿನಿಂದ ಬಿದ್ದು ನಮ್ಮನ್ನು ಬಿಟ್ಟು ಹೋದ ಮೇಲೆ ನೀನು ನನಗೆ ಮಗನ ಹೆಂಡತಿಯಾಗಿ ಉಳಿಯಲಿಲ್ಲ, ಮಗಳೇ ಆದೆ. ನಿನ್ನ ಡಿಪ್ಲೊಮಾ ಸರ್ಟಿಫಿಕೇಟನ್ನು ಟ್ರಂಕಿನಿಂದ ಹೊರಗೆ ತೆಗೆಸಿದವಳು ನಾನು, ಗಣಿಯ ಸರ್ವೆ ಕೆಲಸದ ಪರೀಕ್ಷೆಗೆ ಕರೆದುಕೊಂಡು ಹೋಗಿ ಗೇಟಿನ ಹೊರಗೆ ಬಿಸಿಲಲ್ಲಿ ಕೂತವರು ನಿನ್ನ ಮಾವ. ಕಳಿಸಿದವರೂ ನಾವೇ, ಇಲ್ಲಿ ಕೂತು ಹೆದರುವವರೂ ನಾವೇ.

ಹೀಗಾಗಿ ಆ ಖಾಲಿ ಪೆಟ್ಟಿಗೆಯನ್ನು ನಾನು ನಿನಗೆ ವಾಪಸು ಕೊಡಲಿಲ್ಲ. ಎಲ್ಲಿಟ್ಟೆನೋ ನೆನಪಿಲ್ಲ ಎಂದೆ, ಸುಳ್ಳು. ನೀನು ಬಸ್ಸು ಹತ್ತಿದ ಮೇಲೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಶಿಕಾರಿಪುರಕ್ಕೆ ಹೋಗಿ, ಬೈಕಿನ ಸೀಟ್ ಕವರ್ ಹೊಲಿಯುವ ವೀರಬಸಪ್ಪನ ಅಂಗಡಿ ಹತ್ತಿದೆ. ದಪ್ಪ ಬಟ್ಟೆ ಹೊಲಿಯುವ ಮಿಷಿನ್ನು ಅವನ ಹತ್ತಿರ ಬಿಟ್ಟರೆ ಇನ್ನೆಲ್ಲೂ ನಾನು ಕಂಡಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ "ಇದು ಯಾವ್ ಗಾಡೀದ್ರೀ ಅಮ್ಮಾ?" ಎಂದು ಕೇಳಿದ. ಗಾಡಿಯದಲ್ಲಪ್ಪ, ನನ್ನ ಸೊಸೆಯ ಸೊಂಟದ್ದು ಎಂದೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಎಲ್ಲರಿಗೂ ನಿನ್ನ ಕೆಲಸವನ್ನು ವಿವರಿಸಿ ಹೇಳಿದೆ, ಸ್ವಲ್ಪ ಹೆಚ್ಚೇ ಹೇಳಿದೆ ಎನ್ನು. ವೀರಬಸಪ್ಪ ಒಳ್ಳೆಯವನು, ಆದರೆ ತನಗೆ ತಿಳಿದದ್ದನ್ನೇ ಮಾಡುವವನು. ಮೊದಲ ಸಲ ಹೊಳೆಯುವ ಕೆಂಪು ರೆಕ್ಸಿನ್ ಹಾಕಿ, ಒಳಗೆ ಸೀಟಿನ ಸ್ಪಂಜು ತುಂಬಿ, ಮೇಲೆ ಜಿಪ್ ಇಟ್ಟು ಕೊಟ್ಟ. ವೈರು ಎಲ್ಲಿಂದ ಹೊರಗೆ ಬರಬೇಕಪ್ಪ ಎಂದರೆ ತಲೆ ಕೆರೆದುಕೊಂಡ. ಚೀಲ ಎಂದ ಮೇಲೆ ಜಿಪ್ ಇಲ್ಲದೆ ಹೇಗೆ ಎನ್ನುವುದು ಅವನ ವಾದ. ನೋಡಲು ಚೆಂದವಿತ್ತು, ಮದುವಣಿಗನ ಬೈಕಿನ ಹಾಗೆ ಮಿಂಚುತ್ತಿತ್ತು. ಕೆಲಸಕ್ಕೆ ಬರುವಂತಿರಲಿಲ್ಲ.

ಆದರೂ ನಿನ್ನ ಮಾವ ಅದನ್ನು ಬಿಸಾಡಲು ಬಿಡಲಿಲ್ಲ. ಜಿಪ್ ಕಿತ್ತು, ಪೆಟ್ಟಿಗೆಗೆ ಮರಳು ತುಂಬಿ ನೀನು ಹೇಳಿದ ಭಾರಕ್ಕೆ ತಂದು, ಸೊಂಟಕ್ಕೆ ಬಿಗಿದುಕೊಂಡು ಕುರಿ ಹಿಂದೆ ಹೊರಟೇಬಿಟ್ಟರು. ಅವರನ್ನು ನೀನು ನೋಡಬೇಕಿತ್ತು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಸೊಂಟದಲ್ಲಿ ಕೆಂಪು ರೆಕ್ಸಿನ್. ಕೆರೆ ಏರಿಯ ಮೇಲೆ ಮಾಳೇಶ ಎದುರಾಗಿ "ಏನ್ ಹುಚ್ರಾಯಣ್ಣ, ಕಂಡಕ್ಟರ್ ಕೆಲ್ಸ ಸಿಕ್ತೇನು?" ಎಂದನಂತೆ. ಇವರು ಸುಮ್ಮನಿರುವ ಪೈಕಿಯೇ? "ನಮ್ಮ ಪವಿತ್ರಂದು, ಟ್ರಯಲ್ ನೋಡ್ತಾ ಇದೀನಿ" ಎಂದು ಅವನನ್ನು ನಿಲ್ಲಿಸಿಕೊಂಡು ಗಣಿಯ ಪಾಠ ಮಾಡಿದರಂತೆ. ಅಷ್ಟರಲ್ಲಿ ಕುರಿಗಳು ಯಾರದೋ ಜೋಳದ ಹೊಲಕ್ಕೆ ನುಗ್ಗಿ ಬೈಗುಳ ತಿನ್ನಿಸಿದವು. ಸ್ಪಂಜು ಬೆವರು ಕುಡಿದು ಎರಡೇ ದಿನಕ್ಕೆ ಚಪ್ಪಟೆಯಾಯಿತು. ಆಗತಾನೆ ಹುಟ್ಟಿದ ಮರಿಯನ್ನು ಎತ್ತಿಕೊಳ್ಳಲು ಬಗ್ಗಿದರೆ ಪೆಟ್ಟಿಗೆ ಮುಂದಕ್ಕೆ ಬಂದು ಹೊಟ್ಟೆಗೆ ಗುದ್ದಿತಂತೆ. ನಿನಗೆ ಆದದ್ದೂ ಅದೇ ಅಲ್ಲವೇ? ಸಂಜೆ ಮರಿಯನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬಂದವರು ಅಂಗಳದಲ್ಲೇ ನಿಂತು, "ದುರುಗೀ, ಇಲ್ನೋಡು, ಮರಿ ಕೂತಿರೋ ಜಾಗದಾಗೆ ಬ್ಯಾಟ್ರಿ ಕೂರ್ಸಿದ್ರೆ ಆತು" ಎಂದರು. ಎಲುಬಿನ ಮೇಲಲ್ಲ, ಅದಕ್ಕಿಂತ ತುಸು ಮೇಲೆ, ಹಿಂದಕ್ಕೆ, ಬೆನ್ನು ತಗ್ಗಾಗುವಲ್ಲಿ. ಬಗ್ಗಿದರೂ ಅಲ್ಲಿಂದ ಭಾರ ಜರುಗುವುದಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಳೆ ಕಿತ್ತ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅವರು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಈಗ ನಿನಗೆ ಬಂದಿರುವುದು ಎರಡನೆಯದು. ಹೊರಗೆ ಲಾರಿಯ ಟಾರ್ಪಾಲಿನ ಬಟ್ಟೆ. ಬೆನ್ನಿಗೆ ತಾಗುವ ಕಡೆ ಅಗಲವಾದ ಪಟ್ಟಿ, ಅದರೊಳಗೆ ನಮ್ಮದೇ ಕುರಿ ಉಣ್ಣೆಯ ಕಂಬಳಿಯ ತುಂಡು ಮಡಿಚಿ ಹೊಲಿದಿದೆ. ಕಂಬಳಿ ಚುಚ್ಚುತ್ತದೆ ಎಂದು ನೀನು ಮೊದಲಿನಿಂದಲೂ ದೂರು ಹೇಳುವವಳು, ಅದಕ್ಕೇ ಮೇಲೆ ನನ್ನ ಹಳೆಯ ಇಳಕಲ್ ಸೀರೆಯ ಅಸ್ತರು ಹಾಕಿಸಿದ್ದೇನೆ. ಒಗೆದು ಒಗೆದು ಬೆಣ್ಣೆಯ ಹಾಗಾಗಿದೆ ಅದು. ವೈರು ಬರುವಲ್ಲಿ ಗಂಡಿ ಬಿಟ್ಟಿದೆ. ನಿನ್ನ ಹಳೆಯ ಲಂಗದ ಲಾಡಿಯ ಅಳತೆ ಹಿಡಿದು ಬೆಲ್ಟಿಗೆ ತೂತು ಹೊಡೆಸಿದೆ, ದಪ್ಪಗಾದರೆ ಇರಲಿ ಎಂದು ಆಚೆಗೂ ಒಂದಷ್ಟು ತೂತುಗಳಿವೆ, ದಯಮಾಡಿ ದಪ್ಪಗಾಗು. ಆದರೆ ನಾವು ಮಾಡಿದ್ದೆಂದು ಹಾಗೇ ಕಟ್ಟಿಕೊಂಡು ಗಣಿಗೆ ಇಳಿಯಬೇಡ. ಒಳಗೆ ಏನು ಒಯ್ಯಬಹುದು, ಏನು ಒಯ್ಯಬಾರದು ಎಂದು ಅಲ್ಲಿ ಕಾನೂನು ಇರುತ್ತದೆ. ಲ್ಯಾಂಪ್ ರೂಮಿನ ನಾಗರಾಜ ಅವರಿಗೆ ತೋರಿಸು, ಬೇಡ ಎಂದರೆ ಬೇಡ, ನಮಗೇನೂ ಬೇಜಾರಿಲ್ಲ. ಇಳಿಯುವವರಿಗೆ ದೀಪ ಕೊಟ್ಟು, ಹತ್ತಿ ಬಂದವರಿಂದ ವಾಪಸು ಪಡೆದು ಚಾರ್ಜಿಗೆ ಹಾಕುವುದು ಅವರ ಕೆಲಸ ಎಂದೆಯಲ್ಲ. ನಿನ್ನ ಬೆಲ್ಟಿಗೆ ಹೆಚ್ಚಿನ ತೂತು ಹೊಡೆದುಕೊಟ್ಟವರೂ ಅವರೇ ಎಂದೆ. ತಮ್ಮ ಪಾಳಿ ಮುಗಿದರೂ ನಿನ್ನ ದೀಪ ಗೂಡಿಗೆ ಬಂದು ಸೇರುವವರೆಗೆ ಮನೆಗೆ ಹೋಗುವುದಿಲ್ಲ ಎಂದೂ ಬಾಯಿ ತಪ್ಪಿ ಹೇಳಿದೆ. ಹೇಳಿದವಳೇ ತಟ್ಟನೆ ಮಾತು ತಿರುಗಿಸಿ, ಎಮ್ಮೆ ಎಷ್ಟು ಹಾಲು ಕೊಡುತ್ತಿದೆ ಅತ್ತೆ ಎಂದು ಕೇಳಿದೆ. ಎಮ್ಮೆ ಮಾರಿ ಆಗಲೇ ವರ್ಷವಾಗಿತ್ತು.

ಇನ್ನು ಮನೆಯ ಸುದ್ದಿ. ಪ್ರಮೀಳಾಳ ಮಗಳು ದುಂಡು ದುಂಡಾಗಿದ್ದಾಳೆ, ಹಗಲೆಲ್ಲ ಮಲಗಿ ನಾವು ಮಲಗುವ ಹೊತ್ತಿಗೆ ಏಳುತ್ತಾಳೆ. ಬರುವ ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲೇ ತೊಟ್ಟಿಲಿಗೆ ಹಾಕುವುದು. ಕುಪ್ಪಗಡ್ಡೆಯಿಂದ ಬೀಗರೆಲ್ಲ ಬರುತ್ತಾರೆ. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಪವಿತ್ರ ಅತ್ತಿಗೆಯೇ ಎಂದು ಪ್ರಮೀಳಾ ಹಟ ಹಿಡಿದಿದ್ದಾಳೆ, ನನ್ನದೂ ಅದೇ ಹಟ. ಕುಬಸದ ದಿನ ನಡೆದದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಪ್ರಮೀಳಾಳ ಉಡಿ ತುಂಬಿ, ಕೂತಿದ್ದ ಮುತ್ತೈದೆಯರಿಗೆಲ್ಲ ಒಬ್ಬೊಬ್ಬರಿಗೆ ಉಡಿ ತುಂಬುತ್ತ ಬರುತ್ತಿದ್ದರು. ನಿಮ್ಮ ಸೊರಬದ ಕಡೆ ಮಡಿಲು ತುಂಬುವುದು ಎನ್ನುತ್ತೀರಿ. ನಿನ್ನ ಹತ್ತಿರ ಬರುವ ಮೊದಲೇ ನೀನು ಎದ್ದುಬಿಟ್ಟೆ. ಯಾರೂ ಏಳು ಎನ್ನಲಿಲ್ಲ, ನೀನೇ ಎದ್ದೆ, ನಿನ್ನನ್ನು ದಾಟಿ ಹೋಗುವ ಕಷ್ಟವನ್ನು ಯಾರಿಗೂ ಕೊಡಬಾರದೆಂದು. ನಾನು ಅಕ್ಕಿಯ ಮೊರ ಕೆಳಗಿಟ್ಟು ಹಿತ್ತಲಿಗೆ ಬರುವಷ್ಟರಲ್ಲಿ ನೀನು ಕೂತು ಪಾತ್ರೆ ತಿಕ್ಕುತ್ತಿದ್ದೆ. "ರಾಶಿ ಬಿದ್ದಾವಲ್ಲ ಅತ್ತೆ, ಆಮೇಲೆ ಯಾರು ಮಾಡ್ತಾರೆ" ಎಂದು ನಕ್ಕೆ. ಆ ನಗು ನೋಡಿ ನನಗೆ ಅಳು ಬಂತು ಪವಿತ್ರಾ, ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ. ಹಿತ್ತಲಲ್ಲಿ ಅವತ್ತು ಒಲೆ ಹಚ್ಚಿರಲಿಲ್ಲ. ಅದಕ್ಕೇ ಹೇಳುತ್ತೇನೆ, ತೊಟ್ಟಿಲ ದಿನ ನೀನು ಬರಬೇಕು, ಪಡಸಾಲೆಯ ನಡುವೆ ಕೂರಬೇಕು, ಏಳಬಾರದು. ಯಾರಾದರೂ ಮುಖ ಸಿಂಡರಿಸಿದರೆ ಅವರನ್ನು ನನಗೆ ಬಿಡು. ನನ್ನ ಬಾಯಿ ಎಂಥದ್ದೆಂದು ಬೀಗರಿಗೂ ಗೊತ್ತಾಗಲಿ.

ಕಾಗದ ಉದ್ದವಾಯಿತು. ಬಿಸಿಲಲ್ಲಿ ತಿರುಗಬೇಡ, ಮಜ್ಜಿಗೆ ಕುಡಿ. ಕೆಳಗಿಳಿದಾಗ ಹೆಜ್ಜೆ ನೋಡಿ ಇಡು. ನಿನ್ನ ಮಾವ ಹರಸಿದ್ದಾರೆ, ಪ್ರಮೀಳಾ ನೆನೆದಿದ್ದಾಳೆ, ಕೂಸು ಇದೇ ಈಗ ಕೂಗುತ್ತಿದೆ, ಅದೂ ನಿನ್ನನ್ನೇ ಕರೆಯುತ್ತಿದೆ ಎಂದುಕೋ. ಇಳಿದ ಹಾಗೇ ನಗುತ್ತ ಹತ್ತಿ ಬರುತ್ತಿರು, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ,
ದುರುಗಮ್ಮ

ಇನ್ನೊಂದು ಮಾತು: ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ, ಪೋಸ್ಟಾಫೀಸು ಮುಚ್ಚುತ್ತದಂತೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಚೀಲ ಬಿಚ್ಚುವಾಗ ಹುಷಾರು, ಒಳಗೆ ಅಕ್ಕಿ ಇದೆ. ಕಟ್ಟಿ ಕಳಿಸಲು ಕೂತಾಗ ಅದನ್ನು ಖಾಲಿ ಕಳಿಸಲು ನನಗೆ ಕೈ ಬರಲಿಲ್ಲ. ನಿನ್ನ ಸೊಂಟಕ್ಕೆ ಕಟ್ಟುವ ಚೀಲ, ಅದೇ ನಿನ್ನ ಉಡಿ ಎಂದುಕೊಂಡೆ. ದೇವರ ಮುಂದಿಟ್ಟು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಅಡಿಕೆ ಹಾಕಿ ನಾನೇ ತುಂಬಿದೆ. ಯಾರನ್ನೂ ಕೇಳಲಿಲ್ಲ. ಅಕ್ಕಿ ತಂದುಕೊಟ್ಟವರು ನಿನ್ನ ಮಾವ. ನಾಗರಾಜ ಅವರು ನಿನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರಂತೆ, ನಮ್ಮ ಮನಸ್ಸು ನೋಯುತ್ತದೆಂದು ನೀನು ಆಗುವುದಿಲ್ಲ ಎಂದೆಯಂತೆ, ನಮಗೆ ಮುಖ ತೋರಿಸಲು ಆಗದೆ ದೀಪಾವಳಿಗೂ ತಪ್ಪಿಸಿಕೊಂಡೆಯಂತೆ. ಪ್ರಮೀಳಾ ಎಲ್ಲ ಹೇಳಿದಳು, ಬಾಣಂತಿ, ಅವಳ ಮೇಲೆ ಸಿಟ್ಟಾಗಬೇಡ. ಮೊನ್ನೆ ನಾವಿಬ್ಬರೂ ಕುಬಟೂರಿಗೆ ಹೋಗಿ ನಿನ್ನ ಅವ್ವನ ಹತ್ತಿರ ಮಾತಾಡಿ ಬಂದೆವು. ಅವರು ಅತ್ತರು, ನಾನೂ ಅತ್ತೆ, ಆಮೇಲೆ ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ಯತೀಶನ ತಾಯಿ ಹೇಳುತ್ತಿದ್ದೇನೆ, ಹೂಂ ಎನ್ನು. ತೊಟ್ಟಿಲಿಗೆ ಬರುವಾಗ ನಾಗರಾಜ ಅವರನ್ನೂ ಕರೆದುಕೊಂಡು ಬಾ. ಬ್ಯಾಟರಿ ಇಡುವ ಮುಂಚೆ ಚೀಲದ ಮೂಲೆಯಲ್ಲಿ ಒಂದು ಕಾಳೂ ಉಳಿಯದ ಹಾಗೆ ತೆಗೆ, ಚೆಲ್ಲಬೇಡ. ಉಡಿಯಕ್ಕಿ ಅದು, ಅನ್ನ ಮಾಡಿ ಉಣ್ಣಬೇಕು. ಒಬ್ಬಳೇ ಉಣ್ಣಬೇಡ.