ಹೊಸ ನೀತಿಯ ಅಗತ್ಯ ಕಂಡುಬರುವುದಿಲ್ಲ

ಮಾನ್ಯ ಕುಲಪತಿಗಳೇ,

ನನ್ನ ತಂಗಿ ಐದು ವರ್ಷ ಕೂತು ಬರೆದ ಮಹಾಪ್ರಬಂಧವನ್ನು ನಿಮ್ಮ ವಿಶ್ವವಿದ್ಯಾಲಯ ತಿರಸ್ಕರಿಸಿದೆ. ಓದಿ ತಿರಸ್ಕರಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಓದಿ ಅರ್ಥವಾಗದೆ ತಿರಸ್ಕರಿಸಿದ್ದರೂ ಹೋಗಲಿ ಪಾಪ ಎನ್ನುತ್ತಿದ್ದೆ. ನೀವು ಅದು ಪ್ರಬಂಧವೆಂಬುದನ್ನೇ ಗುರುತಿಸದೆ ತಿರಸ್ಕರಿಸಿದ್ದೀರಿ. ಅವಳ ಕೈಗೆ ಬಂದ ಉತ್ತರ ಎರಡೇ ಸಾಲಿನದು. ಹಾಗೇ ಇಳಿಸುತ್ತೇನೆ, ಊರೆಲ್ಲ ಓದಲಿ: “ತಾವು ಸಲ್ಲಿಸಿರುವ ‘ನಿಯಮ ಪಾಲಿಸಿದವರ ತಪ್ಪು’ ಎಂಬ ಪ್ರಸ್ತಾವನೆಯನ್ನು ಪರಿಶೀಲಿಸಲಾಗಿದೆ. ಸದರಿ ವಿಷಯದಲ್ಲಿ ನಿಯಮಗಳು ಈಗಾಗಲೇ ಜಾರಿಯಲ್ಲಿರುವುದರಿಂದ ಹೊಸ ನೀತಿಯ ಅಗತ್ಯ ಕಂಡುಬರುವುದಿಲ್ಲ.” ಕೆಳಗೆ ದುಂಡು ಮೊಹರು.

ಇದು ಹೇಗಾಯಿತೆಂದು ತಿಳಿಯಲು ನಾನು ನಿಮ್ಮ ಕಚೇರಿಯ ಮೂರು ಮಹಡಿ ಹತ್ತಿದೆ. ಹೋದ ವರ್ಷ ನೀವು ನೀತಿ, ಧರ್ಮ ಮತ್ತು ತತ್ವಶಾಸ್ತ್ರ ವಿಭಾಗವನ್ನು ಮುಚ್ಚಿದಿರಿ. ಅಲ್ಲಿನ ಕಾಗದಪತ್ರಗಳನ್ನೆಲ್ಲ “ಸಂಬಂಧಿತ ಘಟಕಗಳಿಗೆ” ವರ್ಗಾಯಿಸಿ ಎಂದು ಆದೇಶ ಮಾಡಿದಿರಿ. ನಿಮ್ಮ ಗುಮಾಸ್ತರು ತಂಗಿಯ ಪ್ರಬಂಧದ ರಟ್ಟಿನ ಮೇಲೆ ವಿಭಾಗದ ಹೆಸರಿನಲ್ಲಿ ‘ನೀತಿ’ ಎಂದಿರುವುದನ್ನು ನೋಡಿ ನಿಮ್ಮ ನೀತಿ ಘಟಕಕ್ಕೆ ಕಳಿಸಿಬಿಟ್ಟರು. ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಹಾಕಬೇಕು, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು ಎಂದು ನೀತಿ ರೂಪಿಸುವ ಘಟಕ ಅದು. ಮುನ್ನೂರ ಹನ್ನೆರಡು ಪುಟಗಳನ್ನು ಅವರು ಇಪ್ಪತ್ತು ದಿನದಲ್ಲಿ ವಿಲೇವಾರಿ ಮಾಡಿದರು. ನಿಮ್ಮಲ್ಲಿ ಇಷ್ಟು ಬೇಗ ಉತ್ತರ ಬಂದದ್ದು ಇದೇ ಮೊದಲಿರಬೇಕು, ಅಭಿನಂದನೆಗಳು.

“ಇದು ಆ ನೀತಿ ಅಲ್ಲ ಸ್ವಾಮಿ, ಬೇರೆ ನೀತಿ” ಎಂದೆ ಗುಮಾಸ್ತರಿಗೆ.

“ಬೇರೆ ಅಂದ್ರೆ? ನೀತಿ ಅಂದ್ರೆ ನೀತಿನೇ ಅಲ್ವಾ ಸಾರ್?”

“ಇದು ಸರಿ ಯಾವುದು, ತಪ್ಪು ಯಾವುದು ಅನ್ನೋದು.”

“ಓ, ಅದಾ? ಅದು ಈಗ ನಮ್ಮಲ್ಲಿಲ್ಲ ಸಾರ್. ಕ್ಲೋಸ್ ಆಯ್ತು.”

ಆತನ ಮೇಲೆ ನನಗೆ ಸಿಟ್ಟಿಲ್ಲ. ಮುಖದಲ್ಲಿ ಒಂದಿಷ್ಟೂ ಕುಹಕವಿಲ್ಲದೆ, ಸ್ಟೇಪ್ಲರಿಗೆ ಪಿನ್ನು ತುಂಬುತ್ತಾ ಹೇಳಿದ ಆ ಮಾತು ನಿಮ್ಮ ಮುಚ್ಚುವ ಆದೇಶಕ್ಕಿಂತ ಪ್ರಾಮಾಣಿಕವಾಗಿತ್ತು. ನೀವು ಅದನ್ನೇ ಆರು ಪುಟ ಬರೆದಿದ್ದಿರಿ. ಹನ್ನೊಂದೇ ವಿದ್ಯಾರ್ಥಿಗಳು, ಉದ್ಯೋಗಾವಕಾಶವಿಲ್ಲದ ವಿಷಯ, ಕಾಲದ ಬೇಡಿಕೆ.

ಆ ಹನ್ನೊಂದು ಮಂದಿಯಲ್ಲಿ ಒಬ್ಬಳಾದ ನನ್ನ ತಂಗಿ ಯಾವ ಉದ್ಯೋಗಕ್ಕಾಗಿ ಅಲ್ಲಿಗೆ ಬಂದಳೆಂದು ಹೇಳುತ್ತೇನೆ. ಅವಳಿಗೆ ಉದ್ಯೋಗ ಆಗಲೇ ಇತ್ತು. ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಹತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ ಒಂದು ಕರೆ ಬಂತು. ವಯಸ್ಸಾದ ಗಂಡಸಿನ ದನಿ. ಹೆಂಡತಿ ಅಡುಗೆಮನೆಯಲ್ಲಿ ಬಿದ್ದಿದ್ದಾರೆ, ಉಸಿರು ಸಿಗುತ್ತಿಲ್ಲ. ಅವರು ಆ ಮನೆಗೆ ಬಂದು ನಾಲ್ಕೇ ದಿನವಾಗಿತ್ತು. ಬೀದಿಯ ಹೆಸರು ಹೇಳಿದರು. ಮನೆಯ ನಂಬರು ನೆನಪಾಗಲಿಲ್ಲ.

“ಮನೆ ನಂಬರ್ ಹೇಳಿ ಸಾರ್.”

“ಗೊತ್ತಿಲ್ಲಮ್ಮ, ಹಸಿರು ಬಾಗಿಲು. ಬೀದಿ ಕೊನೇಲಿ. ಹಸಿರು ಬಾಗಿಲಮ್ಮ.”

“ನಂಬರ್ ಬೇಕು ಸಾರ್. ಹೊರಗೆ ಹೋಗಿ ನೋಡ್ತೀರಾ?”

“ಇವಳನ್ನ ಬಿಟ್ಟು ಹೇಗೆ ಹೋಗ್ಲಿ?”

ಅವಳ ಮುಂದಿನ ಪರದೆಯಲ್ಲಿ ಮನೆ ಸಂಖ್ಯೆಯ ಚೌಕ ಖಾಲಿಯಿದ್ದರೆ ಗಾಡಿ ಕಳಿಸುವ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಬಾಯಿಗೆ ಬಂದ ನಂಬರು ತುಂಬಿದರೆ ಶಿಸ್ತು ಕ್ರಮ ಎಂದು ಹಿಂದಿನ ತಿಂಗಳಷ್ಟೇ ಸುತ್ತೋಲೆ ಬಂದಿತ್ತು. ಅವಳು ಮತ್ತೆ ಕೇಳಿದಳು. ಮತ್ತೂ ಕೇಳಿದಳು. ನಾಲ್ಕನೆಯ ಸಲ ಕೇಳುವಾಗ ಅವರು ಫೋನನ್ನು ಎಲ್ಲೋ ಇಟ್ಟು ಹೆಂಡತಿಯ ಹತ್ತಿರ ಹೋಗಿಬಿಟ್ಟಿದ್ದರು. ಕರೆ ಮಾಡಿದವರು ಇಡುವ ತನಕ ಕೇಂದ್ರದವರು ಇಡುವಂತಿಲ್ಲ, ಅದೂ ನಿಯಮ. ಹನ್ನೊಂದು ನಿಮಿಷ ನನ್ನ ತಂಗಿ ಆ ಮನೆಯನ್ನು ಕೇಳಿಸಿಕೊಂಡಳು. ನಲ್ಲಿ ತೊಟ್ಟಿಕ್ಕುವುದು, ಕುರ್ಚಿ ಎಳೆಯುವುದು, ಒಬ್ಬ ಮನುಷ್ಯ ಒಂದೇ ಹೆಸರನ್ನು ಮೊದಲು ಗದರುವ ಹಾಗೆ, ಆಮೇಲೆ ಬೇಡುವ ಹಾಗೆ, ಕೊನೆಗೆ ಸುಮ್ಮನೆ ಕರೆಯುವುದು. ಪಕ್ಕದ ಮನೆಯವರು ಬೇರೆ ಕರೆ ಮಾಡಿ ನಂಬರು ಕೊಟ್ಟ ಮೇಲೆ ಗಾಡಿ ಹೊರಟಿತು. ಅದು ತಲುಪುವ ಹೊತ್ತಿಗೆ ಆಕೆಯಲ್ಲಿ ಏನೂ ಉಳಿದಿರಲಿಲ್ಲ.

ಇವತ್ತಿಗೂ ಅವಳು ಪಾತ್ರೆ ತೊಳೆಯುತ್ತಾ ಇದ್ದಕ್ಕಿದ್ದಂತೆ ಕೈ ಎತ್ತುತ್ತಾಳೆ, ಯಾರೂ ಮಾತಾಡಬೇಡಿ ಎಂಬಂತೆ. ಮನೆಯವರೆಲ್ಲ ಇದ್ದಲ್ಲೇ ನಿಲ್ಲುತ್ತೇವೆ. ಏನೂ ಕೇಳಿಸುವುದಿಲ್ಲ. ನಮಗೆ ಕೇಳಿಸುವುದಿಲ್ಲ ಎಂದು ಬರೆಯಬೇಕು.

ವಿಚಾರಣೆ ನಡೆಯಿತು. ಆಗ ನಾನು ನೌಕರರ ಸಂಘದ ಕಾರ್ಯದರ್ಶಿ. ಬೀದಿಯಲ್ಲಿ ಕೂಗಿ ಕೂಗಿ ಒರಟಾದ ಗಂಟಲು ನನ್ನದು. ಸುತ್ತೋಲೆಯ ಪ್ರತಿ, ಪರದೆಯ ಚಿತ್ರ, ಸಾಕ್ಷಿಗಳು, ಎಲ್ಲವನ್ನೂ ಜೋಡಿಸಿದೆ. ನಿಯಮ ಮಾಡಿದವರನ್ನು ಬಿಟ್ಟು ಪಾಲಿಸಿದವಳನ್ನು ಹಿಡಿಯುತ್ತೀರಾ ಎಂದು ಮೇಜು ಗುದ್ದಿದೆ. ಅದು ನ್ಯಾಯವಾದ ಪ್ರಶ್ನೆ, ಇವತ್ತೂ ಅದನ್ನು ವಾಪಸು ಪಡೆಯುವುದಿಲ್ಲ. ನಲವತ್ತು ನಿಮಿಷದಲ್ಲಿ ತೀರ್ಪು ಬಂತು: ನಿಯಮಾನುಸಾರ ನಡೆದುಕೊಂಡಿದ್ದಾರೆ, ಆರೋಪಮುಕ್ತ. ಹೊರಗೆ ಕಾಯುತ್ತಿದ್ದ ಸಂಗಾತಿಗಳು ಚಪ್ಪಾಳೆ ತಟ್ಟಿದರು. ಅವಳು ನೀರು ಕೇಳಿದಳು, ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ತಿಂಗಳಾದ ಮೇಲೆ ನಿಮ್ಮ ಸಂಜೆ ತರಗತಿಗೆ ಅರ್ಜಿ ಹಾಕಿಬಂದಳು.

“ತತ್ವಶಾಸ್ತ್ರನಾ?” ನಾನು ನಕ್ಕೆ. “ಹೊಟ್ಟೆ ತುಂಬಿದವರ ಆಕಳಿಕೆ ಅದು ಮಾರಾಯ್ತಿ.”

“ನನಗೆ ಹೊಟ್ಟೆ ತುಂಬಿದೆ ಅಣ್ಣ. ಅದೇ ಈಗ ತೊಂದರೆ.”

ಹಾಗಾಗಿ ಕುಲಪತಿಗಳೇ, ನನ್ನನ್ನು ಆ ವಿಭಾಗದ ಅಭಿಮಾನಿ ಎಂದು ತಿಳಿಯಬೇಡಿ. ದೇವರು, ಆತ್ಮ, ಪಾಪ ಎಂದರೆ ಮೈ ಉರಿಯುವ ಪಂಗಡದವನು ನಾನು. ಒಂದು ದಿನ ಅವಳ ತರಗತಿಯಲ್ಲಿ ಹೋಗಿ ಕೂತದ್ದು ಜಗಳಕ್ಕೆ. ಮೆಟ್ಟಿಲ ಕೆಳಗಿನ ಕೋಣೆ. ಎತ್ತರದವರು ಹಿಂದಿನ ಸಾಲಿನಲ್ಲಿ ಕೂತರೆ ತಲೆ ಸೂರಿಗೆ ತಾಗುತ್ತಿತ್ತು. ಪಾಠ ಮಾಡುವ ಮೇಡಂಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಹಾಗಂದ್ರೆ ಮೇಡಂ’. ಯಾರು ಏನೇ ಹೇಳಿದರೂ “ಹಾಗಂದ್ರೆ?” ಎಂದು ಕೇಳುವುದು ಅವರ ಚಟ. ನಾನು ಎದ್ದು ನಿಂತು, ಸಂಘಟನೆಯಿಲ್ಲದ ನೀತಿ ಬರೀ ಗೊಣಗಾಟ ಎಂದು ಭಾಷಣ ಬಿಗಿದೆ. “ಹಾಗಂದ್ರೆ?” ಎಂದರು. ವಿವರಿಸಿದೆ. “ಹಾಗಂದ್ರೆ?” ಮತ್ತೆ ವಿವರಿಸಿದೆ. ಮೂರನೆಯ ಸಲಕ್ಕೆ ನನ್ನ ಹತ್ತಿರ ಘೋಷಣೆ ಬಿಟ್ಟು ಬೇರೇನೂ ಇರಲಿಲ್ಲ. ಹಿಂದಿನಿಂದ ಯಾರೋ “ಅಣ್ಣಾವ್ರೇ, ಕೂತ್ಕೊಳ್ಳಿ, ನಾವೆಲ್ಲ ಹೀಗೇ ಸೋತು ಸೇರ್ಕೊಂಡೋರು” ಎಂದರು. ಕೋಣೆ ನಕ್ಕಿತು. ನಾನೂ ನಕ್ಕೆ.

ಆಮೇಲೆ ಪಾಠ ಕ್ಷಮೆಗೆ ಹೊರಳಿತು. ಯಾವ ಧರ್ಮ ಕ್ಷಮೆಯ ಬಗ್ಗೆ ಏನು ಹೇಳುತ್ತದೆ ಎಂದು ಒಬ್ಬೊಬ್ಬರೇ ಓದಿ ಬಂದದ್ದನ್ನು ಹೇಳುತ್ತಿದ್ದರು. ನನ್ನ ತಂಗಿಯ ಸರದಿ ಬಂತು. “ದೇವರು ಕ್ಷಮಿಸ್ತಾನೆ ಅಂತ ತುಂಬ ಕಡೆ ಇದೆ ಮೇಡಂ” ಎಂದಳು. “ಆದ್ರೆ ಅವತ್ತು ಫೋನ್ ಮಾಡಿದ್ದು ದೇವರಲ್ಲವಲ್ಲ.”

ಆ ಕರೆಯ ವಿಷಯ ಕೋಣೆಗೆಲ್ಲ ಗೊತ್ತಿತ್ತು. ಮೇಡಂ ಆ ಸಲ “ಹಾಗಂದ್ರೆ” ಎನ್ನಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, “ನಿಮಗೆ ಆ ಮನೆ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು” ಎಂದಳು ನನ್ನ ತಂಗಿ. “ನಾನು ದಿನಾ ಬಸ್ಸಲ್ಲಿ ಹೋಗೋ ದಾರಿ ಅದು. ಆ ಬೀದೀಲಿ ಹಸಿರು ಬಾಗಿಲು ಇರೋದು ಒಂದೇ. ಬಾಯಿಗೆ ಬಂದ ನಂಬರ್ ಹಾಕಿದ್ರೂ ಸಾಕಿತ್ತು, ಡ್ರೈವರಿಗೆ ಬಾಯಲ್ಲಿ ಹೇಳ್ಬಹುದಿತ್ತು. ಸುತ್ತೋಲೆಗೆ ಹೆದರಿದೆ ಮೇಡಂ.”

ಈಗ ಹೇಳಿ. ಅಷ್ಟು ದೊಡ್ಡ ವಿಚಾರಣಾ ಸಮಿತಿಗೆ ಹೊಳೆಯದ ಪ್ರಶ್ನೆ ಮೆಟ್ಟಿಲ ಕೆಳಗೆ ಕೂತವರಿಗೆ ಹೊಳೆಯಿತಲ್ಲ, ಅದಕ್ಕೆ ನಿಮ್ಮ ಆದೇಶದಲ್ಲಿ ಯಾವ ಕಲಂ ಇದೆ? ಮನುಷ್ಯರನ್ನು ಶಿಕ್ಷಿಸಲು ನಮ್ಮಲ್ಲಿ ಕಟ್ಟಡಗಳಿವೆ, ಬಿಡುಗಡೆ ಮಾಡಲು ಮೊಹರುಗಳಿವೆ. ಶಿಕ್ಷೆಯೂ ಇಲ್ಲದೆ ಬಿಡುಗಡೆಯೂ ಇಲ್ಲದೆ ಸುಮ್ಮನೆ ಕೂರಿಸಿಕೊಂಡು ಕೇಳಲು ಇದ್ದದ್ದು ಅದೊಂದು ಕೋಣೆ. ಈಗ ಅಲ್ಲಿ ಹಳೆಯ ಪ್ರಿಂಟರುಗಳನ್ನು ಪೇರಿಸಿದ್ದೀರಿ. ಮೇಡಂ ಅವರನ್ನು ಗ್ರಂಥಾಲಯದ ಪುಸ್ತಕ ಎಣಿಸಲು ಹಾಕಿದ್ದೀರಿ. ಬದಲಿಗೆ ‘ವೃತ್ತಿಪರ ನಡವಳಿಕೆ’ ಎಂಬ ಆರು ವಾರದ ಕೋರ್ಸು ತಂದಿದ್ದೀರಿ. ಅದರ ಮಾದರಿ ಪ್ರಶ್ನೆಪತ್ರಿಕೆ ನೋಡಿದೆ. ನಿಯಮಕ್ಕೂ ಮನಸ್ಸಾಕ್ಷಿಗೂ ಘರ್ಷಣೆ ಬಂದಾಗ ಏನು ಮಾಡಬೇಕು? ಅ) ನಿಯಮ ಪಾಲಿಸಬೇಕು. ಆ) ಮೇಲಧಿಕಾರಿಗೆ ತಿಳಿಸಬೇಕು. ಇ) ಎರಡನ್ನೂ ಮಾಡಬೇಕು. ಈ) ಯಾವುದೂ ಅಲ್ಲ. ಸರಿಯುತ್ತರ ‘ಇ’ ಅಂತೆ. ಅಡುಗೆಮನೆಯಲ್ಲಿ ಬಿದ್ದವರು ನಾಲ್ಕರಲ್ಲಿ ಎಷ್ಟನೆಯ ಚೌಕದಲ್ಲಿದ್ದಾರೆ ಸ್ವಾಮಿ?

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಪ್ರತಿಭಟನಾ ಪತ್ರವಾಗುತ್ತಿತ್ತು. ಇಂಥವನ್ನು ನೂರಾರು ಬರೆದಿದ್ದೇನೆ, ಕೈ ತಾನೇ ಓಡುತ್ತದೆ. ಆದರೆ ಅವಳ ಪ್ರಬಂಧದ ಏಳನೆಯ ಅಧ್ಯಾಯವನ್ನು ಓದಿದ ಮೇಲೆ ಆ ಕೈಯನ್ನು ನಾನು ಪೂರ್ತಿ ನಂಬುತ್ತಿಲ್ಲ. ಆ ಅಧ್ಯಾಯದಲ್ಲಿ ‘ಹಿತೈಷಿ’ ಎಂಬೊಬ್ಬ ಬರುತ್ತಾನೆ. ಹೆಸರಿಲ್ಲ, ಸಂಬಂಧ ಹೇಳಿಲ್ಲ. ಅದು ನಾನು.

ವಿಚಾರಣೆಯ ಹಿಂದಿನ ದಿನ ಸಂಘದ ಕಚೇರಿಯಲ್ಲಿ ಅವಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ನಾನು ಸಮಿತಿ, ಅವಳು ಅವಳೇ. ಮಧ್ಯೆ ತಡೆದು, “ಅಣ್ಣ, ಆ ಬಾಗಿಲು ನನಗೆ ಗೊತ್ತಿತ್ತು” ಎಂದಳು. ನಾನು ಬಾಗಿಲ ಕಡೆ ನೋಡಿದೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು. “ಅದನ್ನ ಯಾರೂ ಕೇಳಲ್ಲ” ಎಂದೆ. “ಕೇಳದೇ ಇರೋದಕ್ಕೆ ಉತ್ತರ ಕೊಡಬಾರದು. ಮುಂದಿನ ಪ್ರಶ್ನೆ.” ಅವಳು ಮುಂದಿನ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದಳು. ಶಭಾಷ್ ಎಂದೆ.

ಹಿತೈಷಿ ಹೀಗೆ ಹೇಳಿದ್ದು ತಪ್ಪು ಎಂದು ಅವಳು ಬರೆದಿಲ್ಲ. ಅವನಿಗೂ ಒಂದು ನಿಯಮವಿತ್ತು, ಸಂಗಾತಿಯನ್ನು ಬಿಟ್ಟುಕೊಡಬಾರದು ಎಂಬ ಒಳ್ಳೆಯ ನಿಯಮ, ಅವನು ಅದನ್ನು ಪಾಲಿಸಿದ, ಎಂದಷ್ಟೇ ಬರೆದಿದ್ದಾಳೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಸಾಲಿಗೆ ಏನು ಮಾಡಲಿ? ಸಂಘದ ಹಳೆಯ ಕಡತಗಳನ್ನು ತೆಗೆದು ನಾನು ಗೆಲ್ಲಿಸಿದ ಕೇಸುಗಳನ್ನೆಲ್ಲ ಓದಲು ಶುರು ಮಾಡಿದ್ದೇನೆ. ಪ್ರತಿಯೊಂದರಲ್ಲೂ, ಯಾರೂ ಕೇಳದ ಪ್ರಶ್ನೆ ಯಾವುದಿತ್ತು ಎಂದು ಹುಡುಕುತ್ತೇನೆ. ಬಹಳಷ್ಟರಲ್ಲಿ ಸಿಗುತ್ತಿದೆ.

ಇನ್ನೊಂದು ಸಂಗತಿ ನಿಮ್ಮ ಕಡತದಲ್ಲಿಲ್ಲ. ಪ್ರಬಂಧ ಶುರು ಮಾಡುವ ಮೊದಲು ಅವಳು ಅವತ್ತು ಕರೆ ಮಾಡಿದ್ದ ಆ ಯಜಮಾನರ ಮನೆಗೆ ಹೋಗಿ, ನಾನೇ ಅವತ್ತು ಫೋನ್ ತೆಗೆದವಳು, ಇದನ್ನು ಬರೆಯಲು ನಿಮ್ಮ ಒಪ್ಪಿಗೆ ಬೇಕು ಎಂದು ಕೇಳಿದಳು. ನಾನು ಜೊತೆಗಿದ್ದೆ. ಅವರು ಅವಳ ಮುಖ ನೋಡಲಿಲ್ಲ. ಕಣ್ಣು ಮುಚ್ಚಿ, “ಇನ್ನೊಂದ್ಸಲ ಮಾತಾಡಮ್ಮ” ಎಂದರು. ಅವಳು ಮಾತಾಡಿದಳು. “ಹೌದು, ನೀನೇ” ಎಂದರು.

“ಬರೀ. ಬರೆದು ಮುಗಿಸಿದ ಮೇಲೆ ನಿನ್ನನ್ನ ಕೂರಿಸ್ಕೊಂಡು ಪ್ರಶ್ನೆ ಕೇಳ್ತಾರಂತಲ್ಲ?”

“ಹೌದು. ಮೌಖಿಕ ಪರೀಕ್ಷೆ.”

“ಹೊರಗಿನವರು ಬರಬಹುದಾ?”

“ಬರಬಹುದು. ಪ್ರಶ್ನೆನೂ ಕೇಳಬಹುದು.”

“ಹಾಗಾದ್ರೆ ನಾನು ಅವತ್ತು ಬರ್ತೀನಿ. ಒಂದೇ ಒಂದು ಕೇಳ್ಬೇಕು. ಇಲ್ಲಿ ಕೇಳಲ್ಲ. ಇಲ್ಲಿ ಕೇಳಿದ್ರೆ ನೀನು ಅಳ್ತೀಯ, ನಾನು ಸಮಾಧಾನ ಮಾಡ್ಬೇಕಾಗುತ್ತೆ.”

ಅವರಿಗೀಗ ಎಂಬತ್ತೆರಡು. ಪ್ರತಿ ಸೋಮವಾರ ಬೆಳಿಗ್ಗೆ ನನಗೆ ಫೋನ್ ಮಾಡುತ್ತಾರೆ, ಅವಳಿಗೆ ಮಾಡುವುದಿಲ್ಲ. “ದಿನ ಗೊತ್ತಾಯ್ತಾ?” ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. “ಸರಿ” ಎಂದು ಇಟ್ಟುಬಿಡುತ್ತಾರೆ. ಹೋದ ವಾರ ಆ “ಸರಿ”ಗೂ ಮೊದಲು ಉಸಿರು ಎಳೆದುಕೊಳ್ಳಲು ನಿಲ್ಲಿಸಿದರು. ನಿಮ್ಮ ಎರಡು ಸಾಲಿನ ಉತ್ತರವನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ. ಹೊಸ ನೀತಿಯ ಅಗತ್ಯ ಕಂಡುಬರುವುದಿಲ್ಲ ಎಂದು ಆ ಮನುಷ್ಯರಿಗೆ ಯಾವ ದನಿಯಲ್ಲಿ ಹೇಳಲಿ? ನೀವೇ ಹೇಳುತ್ತೀರಾ?

ನನ್ನ ಬೇಡಿಕೆ ಸಣ್ಣದು. ಮುಚ್ಚಿದ ವಿಭಾಗವನ್ನು ತೆರೆಯಿರಿ ಎಂಬ ಹೋರಾಟ ಬೇರೆ ನಡೆಯುತ್ತದೆ, ನಿಮ್ಮ ಗೇಟಿನ ಮುಂದೆಯೇ ನಡೆಯುತ್ತದೆ. ಇಲ್ಲಿ ಕೇಳುತ್ತಿರುವುದು ಒಂದು ದಿನ. ಆ ಪ್ರಬಂಧವನ್ನು ನೀತಿ ಘಟಕದಿಂದ ಬಿಡಿಸಿ, ಓದಬಲ್ಲ ಇಬ್ಬರು ಪರೀಕ್ಷಕರ ಕೈಗೆ ಕೊಡಿ. ಈ ತಿಂಗಳೊಳಗೆ ಮೌಖಿಕ ಪರೀಕ್ಷೆಯ ದಿನಾಂಕ ಪ್ರಕಟಿಸಿ. ನೆಲಮಹಡಿಯ ಕೋಣೆ ಕೊಡಿ, ಅವರಿಗೆ ಮೆಟ್ಟಿಲು ಹತ್ತಲಾಗದು. ಅವಳು ತೇರ್ಗಡೆಯಾಗಲೇಬೇಕೆಂದು ನಾನು ಕೇಳುತ್ತಿಲ್ಲ. ಅವಳೂ ಕೇಳುತ್ತಿಲ್ಲ. ನಪಾಸು ಮಾಡುವುದಾದರೆ ಅವಳನ್ನು ಕೇಳಿ ನಪಾಸು ಮಾಡಿ. ಯಜಮಾನರ ಪ್ರಶ್ನೆ ಏನೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅವಳು ಅದಕ್ಕೆ ತಯಾರಿ ನಡೆಸಿಲ್ಲ. ನಾನೂ ಏನೂ ಹೇಳಿಕೊಟ್ಟಿಲ್ಲ.

ಇಂತಿ,
ತಂಗಿಯ ವಿಚಾರಣೆಯನ್ನು ನಲವತ್ತು ನಿಮಿಷದಲ್ಲಿ ಗೆದ್ದುಕೊಟ್ಟ,
ಸಂಘದ ಒಬ್ಬ ಮಾಜಿ ಕಾರ್ಯದರ್ಶಿ