ಸೆಲ್ಲಿನ ಮೇಲಿನ ತಾರೀಖು

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಎರಡು ಪ್ರಿಂಟರ್, ಟೀ ಕುಡಿದ ಒಂದು ಕೀಬೋರ್ಡ್. ಮಧ್ಯಾಹ್ನ ಟೈಲರಮ್ಮ ಬಂದರು, ಕಸೂತಿ ಡಿಸೈನಿನ ಕಂಪ್ಯೂಟರನ್ನು ಅವುಚಿಕೊಂಡು. "ಪ್ಲಗ್ ಯಾವತ್ತೂ ಕಿತ್ತಿಲ್ಲ, ಆದ್ರೂ ಕರೆಂಟ್ ಹೋಗಿ ಬಂದಾಗೆಲ್ಲ ಎರಡು ಸಾವಿರದ ಒಂಬತ್ತು ಅಂತ ತೋರಿಸುತ್ತೆ ಕಣಮ್ಮ. ನನ್ ವಯಸ್ಸು ಇಳಿಸಿದ್ರೆ ಬೇಡ ಅನ್ನಲ್ಲ, ಆದ್ರೆ ಆರ್ಡರ್ ತಾರೀಖೆಲ್ಲ ಅಡ್ಡಾದಿಡ್ಡಿ!" ಒಳಗಿನ ಗಡಿಯಾರದ ಬ್ಯಾಟರಿ ಮುಗಿದಿದೆ ಎಂದೆ. ಹೊಸದು ಎಷ್ಟು ವರ್ಷ ಬರುತ್ತೆ ಎಂದರು. ಐದು ಎಂದೆ. ಎಲ್ಲರಿಗೂ ಐದು ಎನ್ನುತ್ತೇನೆ. ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಮಾರ್ಚ್ 5

ಬಿಚ್ಚಿದೆ. ಒಳಗೆ ಒಂದು ಬಟ್ಟೆಗಾಗುವಷ್ಟು ನೂಲು, ಧೂಳು. ನಾಣ್ಯದಗಲದ ಸೆಲ್ ಎಬ್ಬಿಸಿ ಬಕೆಟ್ಟಿಗೆ ಎಸೆಯಬೇಕು... ಮಾರ್ಕರಿನಲ್ಲಿ ಏನೋ ಬರೆದಿತ್ತು. 10-6-2011. ಮಾವನ ಅಕ್ಷರ.

ಸೋದರಮಾವ. ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವರು. ಅವರಿಗೂ ಎಲ್ಲರದೂ ಇದೇ ಪ್ರಶ್ನೆ — ಎಷ್ಟು ವರ್ಷ ಬರುತ್ತೆ? ಬಾಯಿಗೆ ಬಂದದ್ದು ಹೇಳಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಅದಕ್ಕೇ ಒಂದು ಉದ್ದ ಪುಸ್ತಕ. ಸೆಲ್ ಹಾಕಿದ ದಿನ ಒಂದು ಕಡೆ, ಅದು ಮುಗಿದು ವಾಪಸ್ ಬಂದ ದಿನ ಇನ್ನೊಂದು ಕಡೆ. "ಕಂಪನಿಯವ್ರು ಏನಾದ್ರೂ ಹೇಳ್ಕೊಳ್ಲಿ. ಪ್ಲಗ್‌ನಲ್ಲೇ ಇರೋ ಮೆಷಿನ್ನಿಂದು ಹತ್ತು ದಾಟುತ್ತೆ. ಪ್ಲಗ್ ಕಿತ್ತು ಮೂಲೆಗಿಟ್ರೆ ಮೂರಕ್ಕೇ ಮಲಗುತ್ತೆ. ನೋಡ್ತಿರು ಚೂಟಿ." ನಾನು ನಗುತ್ತಿದ್ದೆ. ಎಷ್ಟು ಚೆನ್ನಾಗಿತ್ತು ಆ ಅಂಗಡಿ. ಇಬ್ಬರಿಗೆ ಒಂದೇ ಟೇಬಲ್ ಲ್ಯಾಂಪ್, ಅದಕ್ಕಾಗಿ ದಿನಾ ಜಗಳ.

ಲೆಕ್ಕ ಹಾಕಿದೆ. ಹದಿಮೂರು ವರ್ಷ, ಒಂಬತ್ತು ತಿಂಗಳಿಗೆ ಐದು ದಿನ ಕಮ್ಮಿ. ಕುಣಿಯುತ್ತಿದ್ದರು ಮಾವ.

ಮಾರ್ಚ್ 6

ಮಾವನ ಹತ್ತಿರ ಮಾತು ಬಿಟ್ಟು ಒಂಬತ್ತು ವರ್ಷ. ಪಕ್ಕದ ಬೀದಿಯಲ್ಲೇ ನನ್ನ ಅಂಗಡಿ ತೆರೆದೆ. ಅವರ ಅರ್ಧ ಗಿರಾಕಿಗಳು ನನ್ನ ಹಿಂದೆಯೇ ಬಂದರು, ಈ ಟೈಲರಮ್ಮನೂ. "ಕಲಿಸಿದ್ದಕ್ಕೆ ಚೆನ್ನಾಗಿ ಮಾಡ್ದೆ ಕಣೇ" ಎಂದಿದ್ದರು ಮಾವ. ನಾನೇನು ಕಮ್ಮಿಯೇ? "ನಿಮ್ ಪುಸ್ತಕ ಯಾರ ಹೊಟ್ಟೆ ತುಂಬಿಸುತ್ತೆ ಮಾವ?" ಎಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ.

ಇವತ್ತು ಹೊಳೆದದ್ದು ಬೇರೆ. ಗಿರಾಕಿಗಳ ಜೊತೆ ಮಾವ ಹಾಕಿದ ಸೆಲ್ಲುಗಳೂ ನನ್ನ ಟೇಬಲ್ಲಿಗೆ ಬಂದವು. ಎಲ್ಲವನ್ನೂ ಕಿತ್ತು ಎಸೆದೆ. ತಿರುಗಿಸಿ ಕೂಡ ನೋಡಲಿಲ್ಲ. ಆ ಪುಸ್ತಕದಲ್ಲಿ ಅಷ್ಟೂ ಸಾಲು ಖಾಲಿ. ಗಿರಾಕಿಗಳು ತಾವಾಗಿ ಬಂದರು, ಸರಿ. ಇದನ್ನು ಹಾಳು ಮಾಡಿದ್ದು ಮಾತ್ರ ನಾನೇ.

ಮಾರ್ಚ್ 15, ಶನಿವಾರ

ಅತ್ತೆಗೆ ಫೋನ್ ಮಾಡಿದೆ. "ತಿಂಗಳ ಕೊನೇಗೆ ಅಂಗಡಿ ಮುಚ್ತಾರಮ್ಮ. ಕಣ್ಣು ಕೈಕೊಟ್ಟಿದೆ."

"ಪುಸ್ತಕ?"

"ಅದೊಂದು ಬಿಟ್ಟಿಲ್ಲ. ಕಾಣದಿದ್ರೂ ಮುಂದಿಟ್ಕೊಂಡು ಕೂತಿರ್ತಾರೆ. ಬಾರೇ. ಬಯ್ದ್ರೆ ನಾನಿಲ್ವಾ?"

ಹಳೇ ರಿಪೇರಿ ಚೀಟಿಗಳನ್ನು ಅಟ್ಟದಿಂದ ಇಳಿಸಿದೆ. ಎರಡು ವರ್ಷದ್ದು ಮಾತ್ರ ಇದೆ, ಹಿಂದಿನದೆಲ್ಲ ರದ್ದಿಗೆ ಹೋಯಿತು. ಮಾವನ ಕಡೆಯಿಂದ ಬಂದವರದು, ಬ್ಯಾಟರಿ ಬದಲಿಸಿದ್ದು, ಹನ್ನೊಂದು ಸಿಕ್ಕವು. ತಾರೀಖು ಸಮೇತ.

ಮಾರ್ಚ್ 18

ಹೋಗಲಿಲ್ಲ. ಪ್ರಿಂಟರ್ ಅರ್ಜೆಂಟ್ ಇತ್ತು. ಸುಳ್ಳು. ಹೆದರಿಕೆ.

ಮಾರ್ಚ್ 23, ಭಾನುವಾರ. ಸಂಜೆ 6.10. ಮಾವನ ಮನೆ

ಇಳಿದುಹೋಗಿದ್ದಾರೆ. ಹೊಸಿಲು ದಾಟುವಷ್ಟರಲ್ಲಿ "ಚೂಟಿನಾ?" ಎಂದರು. ಹೆಜ್ಜೆಯಲ್ಲೇ ಗೊತ್ತಾಯಿತಂತೆ. ಆ ಹೆಸರು ಕರೆಯುವವರು ಇನ್ಯಾರಿದ್ದಾರೆ ನನಗೆ? ಅತ್ತುಬಿಟ್ಟೆ.

ಸೆಲ್ಲನ್ನು ಅಂಗೈಯಲ್ಲಿಟ್ಟು ಹೇಳಿದೆ.

"ಹದಿಮೂರು ಮುಕ್ಕಾಲು! ಪ್ಲಗ್ ಕೀಳ್ತಿರ್ಲಿಲ್ಲ ತಾನೇ ಆಯಮ್ಮ?"

"ಒಂದಿನಾನೂ ಇಲ್ಲ ಮಾವ."

"ನೋಡ್ದ್ಯಾ? ನೋಡ್ದ್ಯಾ ನಾನ್ ಹೇಳಿದ್ದು! ಲೇ, ಕೇಳಿಸ್ತೇನೇ?" — ಅಡುಗೆಮನೆಯಲ್ಲಿದ್ದ ಅತ್ತೆಗೆ. ಜಗಳದ ಸುದ್ದಿಯೇ ಎತ್ತಲಿಲ್ಲ.

"ಪುಸ್ತಕ ತೆಗಿ. ನೀನೇ ಬರಿ, ನಂಗೆ ಗೆರೆ ಕಾಣಲ್ಲ."

ತೆಗೆದೆ. ನನ್ನ ಹತ್ತಿರ ಬಂದವರ ಸಾಲುಗಳು ಖಾಲಿ ಇರಲಿಲ್ಲ. ವಾಪಸ್ ಬಂದ ದಿನ ಬರೆಯುವ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ — "ಚೂಟಿ ಹತ್ತಿರ ಇದೆ." ಕೆಳಗಿನದರಲ್ಲೂ ಅದೇ. ಪುಟ ತಿರುಗಿಸಿದರೂ ಅದೇ. ಮೂವತ್ತನಾಲ್ಕು ಕಡೆ. ನಾನು ಲೆಕ್ಕ ಇಡುತ್ತಿದ್ದೇನೆ ಎಂದುಕೊಂಡಿದ್ದರು. ಒಂಬತ್ತು ವರ್ಷವೂ.

ಟೈಲರಮ್ಮನದು ಸೇರಿ ಹನ್ನೆರಡು ಬರೆದೆ. ಪ್ರತಿಯೊಂದನ್ನೂ ಓದಿಸಿಕೊಂಡು ತಲೆಯಾಡಿಸಿದರು. ಇನ್ನು ಇಪ್ಪತ್ತೆರಡು. ಅವುಗಳ ಚೀಟಿಯೇ ನನ್ನಲ್ಲಿಲ್ಲ.

ಕಣ್ಣಿಗೆ ಹನಿ ಹಾಕಲು ಅತ್ತೆ ಅವರನ್ನು ಒಳಗೆ ಕರೆದೊಯ್ದಿದ್ದಾರೆ. ಈ ಸಂದಿನಲ್ಲಿ ಇದನ್ನು ಗೀಚುತ್ತಿದ್ದೇನೆ. ಐದು, ಆರು, ಏಳು — ಬಾಯಿಗೆ ಬಂದದ್ದನ್ನು ತುಂಬಿಬಿಡಬಹುದು. ಅವರಿಗೆ ಕಾಣುವುದಿಲ್ಲ. ಎಷ್ಟು ಖುಷಿಯಾಗಿದ್ದಾರೆ ಇವತ್ತು. ಯಾರಿಗೂ ಗೊತ್ತಾಗುವುದಿಲ್ಲ...

"ಮುಂದಿಂದು ಎಷ್ಟು ಬಂತೇ?" ಒಳಗಿಂದಲೇ ಕೇಳುತ್ತಿದ್ದಾರೆ.

ಆಗುವುದಿಲ್ಲ. ಈ ಪುಸ್ತಕದಲ್ಲಿ ಆಗುವುದಿಲ್ಲ. ಬಂದರು, ಗೋಡೆ ಹಿಡಿದುಕೊಂಡು. ಕೂತರು. ಹೇಳಿಬಿಡುತ್ತೇನೆ — ಮಾವ, ಉಳಿದವನ್ನೆಲ್ಲ ನಾನು